ಮೊದಲನೆಯ ಮಸೂರ

ಕ್ಯಾಮೆರಾ ಕೊಳ್ಳುವುದು ಈಗ ಅಷ್ಟೇನೂ ಕಷ್ಟದ ಕೆಲಸವಲ್ಲ. ಅದರ ಮುಂದೆ ಯಾವ ಮಸೂರವನ್ನು ಜೋಡಿಸಬೇಕೆಂಬ ಪ್ರಶ್ನೆ ಬಂದಾಗಲೇ ಹೊಸಬನಿಗೆ ಗೊಂದಲವುಂಟಾಗುವುದು. ಅಂಗಡಿಯವರು 18–55, 55–200, 150–600 ಎಂದು ಅಂಕಿಗಳನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಈ ಅಂಕಿಗಳ ಅರ್ಥವನ್ನು ತಿಳಿಯದೆ ದೊಡ್ಡ ಅಂಕಿಯೇ ದೊಡ್ಡ ಗುಣವೆಂದು ಭಾವಿಸಿ ಹಣ ತೆತ್ತವರನ್ನು ನಾವೆಲ್ಲರೂ ಕಂಡಿದ್ದೇವೆ.

ಪಟ್ಟಣದ ಹವ್ಯಾಸಿಗೆ ಇದರಿಂದಾಗುವ ನಷ್ಟ ಸಣ್ಣದು. ಕೊಂಡದ್ದನ್ನು ಬೀರುವಿನಲ್ಲಿಟ್ಟು ಮತ್ತೊಂದನ್ನು ಕೊಳ್ಳಬಹುದು. ಆದರೆ ಇಂಡಿ ತಾಲ್ಲೂಕಿನ ತಾಂಬಾದಂಥ ಊರಿನಿಂದ ವಿಜಯಪುರದ ಕಾಲೇಜಿಗೆ ಬಂದು ಓದುವ ವಿದ್ಯಾರ್ಥಿಯೊಬ್ಬನನ್ನು ನೆನೆಯಿರಿ. ಅವನ ಮನೆಯವರು ಲಿಂಬೆಯ ತೋಟದ ಒಂದು ಬೆಳೆಯ ಹಣದಲ್ಲಿ ಅಷ್ಟಿಷ್ಟು ತೆಗೆದಿಟ್ಟು ಅವನಿಗೆ ಕ್ಯಾಮೆರಾ ಕೊಡಿಸುತ್ತಾರೆ. ಎರಡನೆಯ ಮಸೂರ ಬರುವುದು ಇನ್ನೆಷ್ಟು ವರ್ಷಗಳ ಮೇಲೋ! ಆದಕಾರಣ ಮೊದಲನೆಯದೇ ಅವನಿಗೆ ಒಪ್ಪುವಂತಿರಬೇಕು. ಈ ಲೇಖನವು ಅಂಥವನನ್ನು ಎದುರಿಗಿಟ್ಟುಕೊಂಡು ಬರೆದದ್ದು. ಉಳಿದವರಿಗೂ ಇದರಿಂದ ಪ್ರಯೋಜನವಾಗದೆ ಇರದು.

ಮಸೂರದ ಮೇಲೆ ಬರೆದಿರುವ ಮಿಲಿಮೀಟರುಗಳ ಸಂಖ್ಯೆಗೆ ಸಂಗಮದೂರವೆಂದು ಹೆಸರು. ಅದು ಕಡಮೆಯಾದಷ್ಟೂ ನೋಟ ಅಗಲ; ಹೆಚ್ಚಿದಷ್ಟೂ ನೋಟ ಕಿರಿದು, ವಸ್ತು ಹತ್ತಿರ. ಇದನ್ನು ಮನಗಾಣುವುದಕ್ಕೆ ವಿಜಯಪುರದ ಗೋಲಗುಮ್ಮಟಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇರೆಯಿಲ್ಲ. ಅದರ ಒಳಗಣ ಸಭಾಂಗಣವು ಒಂದೊಂದು ಪಕ್ಕಕ್ಕೂ ಸುಮಾರು 135 ಅಡಿಯಷ್ಟಿರುವ ಚಚ್ಚೌಕ. ಒಂದು ಗೋಡೆಗೆ ಬೆನ್ನುಕೊಟ್ಟು ನಿಂತು ಎದುರಿನ ಗೋಡೆಯನ್ನು ಚಿತ್ರಿಸಬೇಕೆಂದುಕೊಳ್ಳಿ. 36 ಮಿಲಿಮೀಟರು ಅಗಲದ ಪಟವನ್ನು ಹಿಡಿಯುವ ಕ್ಯಾಮೆರಾಕ್ಕೆ 50ರ ಮಸೂರವನ್ನು ಹಾಕಿದರೆ, 36ನ್ನು 50ರಿಂದ ಭಾಗಿಸಿ ದೂರದಿಂದ ಗುಣಿಸಿದಾಗ 97 ಅಡಿಯಾಗುತ್ತದೆ. ಗೋಡೆಯ ಎರಡು ತುದಿಗಳೂ ಚಿತ್ರದಿಂದ ಹೊರಗೆ ಉಳಿದುವು. 28ರ ಮಸೂರವಾದರೆ 173 ಅಡಿ. ಗೋಡೆಯೆಲ್ಲವೂ ಬಂದು ಇನ್ನಷ್ಟು ಜಾಗ ಮಿಗುತ್ತದೆ. ಲೆಕ್ಕ ಇಷ್ಟೇ. ಇದನ್ನು ಬಲ್ಲವನು ಅಂಗಡಿಗೆ ಹೋಗುವ ಮೊದಲೇ ತನ್ನ ಮನೆಯ ಕೋಣೆಯನ್ನು ಅಳೆದು ತನಗೆ ಏನು ಬೇಕೆಂಬುದನ್ನು ಕಂಡುಕೊಳ್ಳಬಹುದು.

ಗುಮ್ಮಟದ ಮಾತು ಬಂದುದರಿಂದ ಒಂದು ಸಂಗತಿಯನ್ನು ಹೇಳಿಬಿಡುತ್ತೇನೆ. ಫಿರಂಗಿಪಡೆಯ ಅಧಿಕಾರಿಯಾಗಿದ್ದ ಥಾಮಸ್ ಬಿಗ್ಸ್ ಎಂಬಾತನನ್ನು ಮುಂಬಯಿ ಸರ್ಕಾರವು 1855ರಲ್ಲಿ ಪ್ರಾಚೀನ ಕಟ್ಟಡಗಳ ಛಾಯಾಚಿತ್ರಗಳನ್ನು ತೆಗೆಯುವುದಕ್ಕಾಗಿಯೇ ನೇಮಿಸಿತು. ಅವನೂ ಮೇಜರ್ ಲಾಕ್ ಎಂಬಾತನೂ ತೆಗೆದ ಬಿಜಾಪುರದ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ದೊಡ್ಡ ಗ್ರಂಥವಾಗಿ ಪ್ರಕಟವಾದುವು; ಮೆಡೋಸ್ ಟೇಲರನೂ ಜೇಮ್ಸ್ ಫರ್ಗುಸನ್ನನೂ ಅದಕ್ಕೆ ವಿವರಣೆಗಳನ್ನು ಬರೆದರು. ನಮ್ಮ ನಾಡಿನ ಹಳೆಯ ಛಾಯಾಚಿತ್ರಗಳಲ್ಲಿ ಹೀಗೆ ಕಲ್ಲಿನ ಕಟ್ಟಡಗಳದೂ ಒಂದು ಪಾಲು. ಕಲ್ಲು ಅಲುಗುವುದಿಲ್ಲ, ಬೆಳಕು ಸಾಲದಿದ್ದರೆ ಮಸೂರವನ್ನು ಎಷ್ಟು ಹೊತ್ತು ಬೇಕಾದರೂ ತೆರೆದಿಡಬಹುದು. ಮನುಷ್ಯರ ವಿಚಾರ ಹಾಗಲ್ಲ.

ಹೊಸಬರು ಉಪೇಕ್ಷಿಸುವ ಎರಡನೆಯ ಸಂಖ್ಯೆಯ ಮಹತ್ವವಿರುವುದು ಇಲ್ಲಿಯೇ. ಮಸೂರದ ಸಂಗಮದೂರವನ್ನು ಅದರ ಬೆಳಕಿನ ದ್ವಾರದ ವ್ಯಾಸದಿಂದ ಭಾಗಿಸಿದರೆ ಬರುವುದೇ ಆ ಸಂಖ್ಯೆ. ಅದು ಚಿಕ್ಕದಾದಷ್ಟೂ ದ್ವಾರ ದೊಡ್ಡದು. ಕ್ಯಾಮೆರಾದ ಜೊತೆಯಲ್ಲಿಯೇ ಬರುವ 18–55ರ ಮಸೂರವನ್ನು 35ಕ್ಕೆ ತಿರುಗಿಸಿದಾಗ ಈ ಸಂಖ್ಯೆ ಸುಮಾರು 4.5 ಇರುತ್ತದೆ, ಎಂದರೆ ದ್ವಾರವು 8 ಮಿಲಿಮೀಟರಿನ ಹತ್ತಿರ. 35ರಲ್ಲಿಯೇ ಸ್ಥಿರವಾಗಿರುವ, 1.8 ಎಂದು ಬರೆದಿರುವ ಮಸೂರದ ದ್ವಾರ 19 ಮಿಲಿಮೀಟರಿಗೂ ತುಸು ಹೆಚ್ಚು. ಒಳಗೆ ಬರುವ ಬೆಳಕಾದರೋ ಆರು ಪಟ್ಟಿಗಿಂತ ಅಧಿಕ.

ಆರು ಪಟ್ಟು ಎಂಬುದು ತಾಂಬಾದ ಕಡೆಯ ಹಳೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಬರಿಯ ಅಂಕಿಯಲ್ಲ. ಆ ಮನೆಗಳ ಗೋಡೆ ದಪ್ಪ, ಕಿಟಕಿ ಅಪರೂಪ. ಮಾಳಿಗೆಯ ಬೆಳಕಿಂಡಿಯಿಂದ ಇಳಿಯುವ ಒಂದು ಕೋಲು ಬೆಳಕು ಪಡಸಾಲೆಗೂ ಅಡಿಗೆಯ ಮನೆಗೂ ಸಾಲಬೇಕು. ಆ ಬೆಳಕಿನಲ್ಲಿ ಕುಳಿತು ಜೋಳದ ರೊಟ್ಟಿ ಬಡಿಯುತ್ತಿರುವ ಅಜ್ಜಿಯ ಚಿತ್ರವನ್ನು ಸೆಕೆಂಡಿನ 60ರಲ್ಲಿ ಒಂದು ಪಾಲು ಕಾಲದಲ್ಲಿ ದೊಡ್ಡ ದ್ವಾರದ ಮಸೂರವು ಹಿಡಿಯಬಲ್ಲುದಾದರೆ, ಚಿಕ್ಕ ದ್ವಾರದ್ದಕ್ಕೆ ಸೆಕೆಂಡಿನ 10ರಲ್ಲಿ ಒಂದು ಪಾಲು ಬೇಕಾಗುತ್ತದೆ. ಅಷ್ಟರೊಳಗೆ ಕೈ ಮೇಲೆದ್ದು ಕೆಳಗಿಳಿದಿರುತ್ತದೆ. ಚಿತ್ರದಲ್ಲಿ ಉಳಿಯುವುದು ಮಬ್ಬು. ಕೈ ನಡುಗುವುದನ್ನು ಸರಿಪಡಿಸುವ ಯಂತ್ರೋಪಾಯವು ಅನೇಕ ಮಸೂರಗಳಲ್ಲಿದೆಯೆಂಬುದೇನೋ ದಿಟ. ಅದು ನಡುಗುವ ಛಾಯಾಗ್ರಾಹಕನಿಗೆ ನೆರವಾದೀತೇ ಹೊರತು ಅಲುಗುವ ಅಜ್ಜಿಗಲ್ಲ. ಫ್ಲಾಷ್ ಹೊತ್ತಿಸಿದರೆ ಚಿತ್ರವೇನೋ ಸ್ಪಷ್ಟವಾಗಿ ಬರುತ್ತದೆ. ಆದರೆ ಬೆಳಕಿಂಡಿಯ ಬೆಳಕು ಸತ್ತುಹೋಗುತ್ತದೆ. ಇಂಥ ಮನೆಗಳನ್ನು ಕೆಡವಿ ಕಾಂಕ್ರೀಟಿನವನ್ನು ಕಟ್ಟಿಕೊಳ್ಳುತ್ತಿರುವ ಈ ಕಾಲದಲ್ಲಿ ಆ ಬೆಳಕೇ ಚಿತ್ರಿಸತಕ್ಕ ವಸ್ತುವೆಂದು ನನ್ನ ಎಣಿಕೆ.

ಹಾಗಾದರೆ ಯಾವ ಸಂಗಮದೂರವನ್ನು ಆರಿಸಬೇಕು? 1925ರಲ್ಲಿ ಮಾರಾಟಕ್ಕೆ ಬಂದ ಲೈಕಾ ಕ್ಯಾಮೆರಾಕ್ಕೆ 50 ಮಿಲಿಮೀಟರಿನ ಮಸೂರವೊಂದೇ ಇದ್ದಿತು. ಫ್ರಾನ್ಸಿನ ಆನ್ರಿ ಕಾರ್ತಿಯೆ-ಬ್ರೆಸೋನನು ತನ್ನ ಜೀವಮಾನದ ಕೆಲಸದ ಬಹುಭಾಗವನ್ನು 50ರ ಮಸೂರದಿಂದಲೇ ನಡೆಸಿದನು. ಆದರೆ ಇವೆಲ್ಲ 36 ಮಿಲಿಮೀಟರು ಅಗಲದ ಪಟದ ಲೆಕ್ಕ. ಇಂದು ಹೊಸಬರು ಸಾಮಾನ್ಯವಾಗಿ ಕೊಳ್ಳುವ ಅಗ್ಗದ ಕ್ಯಾಮೆರಾಗಳಲ್ಲಿ ಚಿತ್ರವನ್ನು ಗ್ರಹಿಸುವ ಫಲಕದ ಅಗಲ 22ರಿಂದ 24 ಮಿಲಿಮೀಟರು ಮಾತ್ರ. ಅದರ ಮೇಲೆ 50ನ್ನು ಹಾಕಿ ಹತ್ತು ಅಡಿ ದೂರದಿಂದ ನೋಡಿದರೆ ಐದು ಅಡಿಯಷ್ಟು ಅಗಲವೂ ಕಾಣಿಸದು. ಪಡಸಾಲೆಯಲ್ಲಿ ಹಿಂದೆ ಸರಿಯುತ್ತ ಸರಿಯುತ್ತ ಬೆನ್ನು ಗೋಡೆಗೆ ತಾಗುತ್ತದೆ. 35ನ್ನು ಹಾಕಿದರೆ ಆರೂವರೆ ಅಡಿ ಕಾಣಿಸುತ್ತದೆ. ಇಬ್ಬರು ಕುಳಿತು ಮಾತನಾಡುವಷ್ಟು ಜಾಗ ಅದು. ಆದುದರಿಂದ ಚಿಕ್ಕ ಫಲಕದವರಿಗೆ 35, ದೊಡ್ಡ ಫಲಕದವರಿಗೆ 50 ಎಂಬುದು ನನ್ನ ಸಲಹೆ. 50ರದು ಅಗ್ಗವೆಂದು ಚಿಕ್ಕ ಫಲಕದವರಿಗೂ ಅದನ್ನೇ ಹೇಳುವ ವಾಡಿಕೆಯಿದೆ. ಮುಖಗಳನ್ನು ಮಾತ್ರ ತೆಗೆಯುವವನಿಗೆ ಅದು ಸಲ್ಲುತ್ತದೆ. ಮನೆಯನ್ನೂ ಮನೆಯವರನ್ನೂ ಕೂಡಿ ತೆಗೆಯುವವನಿಗೆ ಸಲ್ಲದು.

ಅಗಲವಾದ ನೋಟದ ಮಸೂರವನ್ನೇ ಮೊದಲು ಕೊಂಡರಾಗದೇ ಎಂದು ಕೇಳಬಹುದು. ಅದು ಆಗಲೇ ನಮ್ಮ ಜೇಬಿನಲ್ಲಿದೆ. ಮೊಬೈಲ್ ಫೋನಿನ ಮುಖ್ಯ ಮಸೂರವು ಸಾಧಾರಣವಾಗಿ 24ರಿಂದ 28ರ ಮಸೂರಕ್ಕೆ ಸಮನಾದ ಅಗಲವನ್ನು ಕಾಣಿಸುತ್ತದೆ. ಅದರಿಂದ ಮುಖವನ್ನು ತುಂಬಿಸಬೇಕೆಂದರೆ ತೀರ ಹತ್ತಿರಕ್ಕೆ ಹೋಗಬೇಕು. ಮೂಗಿಗೂ ಕಿವಿಗೂ ನಡುವೆ ಐದು ಅಂಗುಲವೆಂದಿಟ್ಟುಕೊಳ್ಳಿ. ಒಂದು ಅಡಿಯ ದೂರದಿಂದ ನೋಡಿದಾಗ ಕಿವಿಯು ಮೂಗಿಗಿಂತ ನೂರಕ್ಕೆ ಮೂವತ್ತರಷ್ಟು ಕುಗ್ಗಿ ಕಾಣುತ್ತದೆ. ಆರು ಅಡಿಯಿಂದ ನೋಡಿದರೆ ನೂರಕ್ಕೆ ಆರೋ ಏಳೋ. ಮುಖದ ವಿಕಾರವು ಮಸೂರದ ದೋಷವಲ್ಲ, ನಿಂತ ದೂರದ ಫಲ.

ದೂರದರ್ಶಕದಂಥ ಉದ್ದನೆಯ ಮಸೂರದ ಆಸೆ ಎಲ್ಲಕ್ಕಿಂತ ಬಲವಾದದ್ದು. ಆಲಮಟ್ಟಿಯ ಹಿನ್ನೀರಿನ ಹಕ್ಕಿಗಳಿಗೆ ಅದು ಬೇಕು. ಅದಿಲ್ಲದೆ ಅವು ಬರಿಯ ಚುಕ್ಕಿಗಳು. ಹಕ್ಕಿಗಳ ಬೆನ್ನು ಹತ್ತುವ ಸಂಕಲ್ಪ ಗಟ್ಟಿಯಾಗಿದ್ದರೆ ಧಾರಾಳವಾಗಿ ಕೊಳ್ಳಲಿ. ಇಲ್ಲವಾದರೆ ಅದರ ಬೆಲೆಯೂ ಭಾರವೂ ಸೇರಿ ಕ್ಯಾಮೆರಾವನ್ನು ಮನೆಯಲ್ಲಿಯೇ ಉಳಿಸುತ್ತವೆ.

ದೊಡ್ಡ ದ್ವಾರಕ್ಕೂ ಒಂದು ಮಿತಿಯುಂಟು. 35ರ ಮಸೂರವನ್ನು 1.8ಕ್ಕೆ ತೆರೆದು ನಾಲ್ಕು ಅಡಿ ದೂರದ ಮುಖವನ್ನು ತೆಗೆದರೆ ಚಿಕ್ಕ ಫಲಕದ ಮೇಲೆ ಮೂರು ಮೂರೂವರೆ ಅಂಗುಲದ ಆಳದಷ್ಟೇ ಸ್ಪಷ್ಟವಾಗಿರುತ್ತದೆ. ಕಣ್ಣು ಚೆನ್ನಾಗಿ ಬಂದರೆ ಕಿವಿ ಮಸುಕು. ಬೆಳಕು ಸಾಕಷ್ಟಿದ್ದಾಗ 2.8ಕ್ಕೋ 4ಕ್ಕೋ ಇಳಿಸಿಕೊಳ್ಳುವುದು ಒಳ್ಳೆಯದು.

ಹಣ ತೆರುವ ಮೊದಲು ಬಿಟ್ಟಿ ಪರೀಕ್ಷೆಯೊಂದುಂಟು. ಜೊತೆಗೆ ಬಂದ 18–55ರ ಮಸೂರದ ಬಳೆಯನ್ನು 35ಕ್ಕೆ ತಿರುಗಿಸಿ ಅಂಟುಪಟ್ಟಿಯನ್ನು ಸುತ್ತಿ, ಒಂದು ತಿಂಗಳು ಹಾಗೆಯೇ ಚಿತ್ರಗಳನ್ನು ತೆಗೆಯುವುದು, ಮರುತಿಂಗಳು 50ಕ್ಕೆ. ಪದೇ ಪದೇ ಹಿಂದೆ ಸರಿಯಬೇಕಾಯಿತೋ ಮುಂದೆ ಹೋಗಬೇಕಾಯಿತೋ ಎಂಬುದನ್ನು ಕಾಲುಗಳೇ ಹೇಳುತ್ತವೆ.

ಕೈಬದಲಾದ ಮಸೂರವನ್ನು ಕೊಳ್ಳುವವರು ಒಂದು ಕೈದೀಪವನ್ನು ಜೊತೆಯಲ್ಲಿ ಒಯ್ಯಲಿ. ಹಿಂದಿನಿಂದ ಬೆಳಕು ಬಿಟ್ಟು ಮುಂದಿನಿಂದ ನೋಡಿದಾಗ ಒಳಗೆ ಜೇಡರ ಬಲೆಯ ಎಳೆಗಳಂತೆ ಕಾಣಿಸಿದರೆ ಅದು ಬೂಷ್ಟು. ಅಂಥದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬಿಡುವುದೇ ಲೇಸು. ದ್ವಾರದ ಎಲೆಗಳ ಮೇಲೆ ಎಣ್ಣೆಯ ಪಸೆ ಇರಬಾರದು. ಮಸೂರದ ಹಿಡಿಕಟ್ಟು ತನ್ನ ಕ್ಯಾಮೆರಾಕ್ಕೆ ಕೂಡುವುದೋ ಎಂದು ಅಲ್ಲಿಯೇ ಹಾಕಿ ನೋಡಬೇಕು. ಕೂಡಿದರೂ ತಾನಾಗಿ ಸ್ಪಷ್ಟಗೊಳಿಸುವ ಶಕ್ತಿ ಉಳಿದಿದೆಯೇ ಎಂದು ಪರೀಕ್ಷಿಸಬೇಕು. ನಿಕಾನಿನ ಕೆಲವು ಹಳೆಯ ಮಸೂರಗಳಿಗೆ ಸ್ವಂತ ಮೋಟಾರಿಲ್ಲ. ಅದೇ ಕಂಪೆನಿಯ ಅಗ್ಗದ ಕ್ಯಾಮೆರಾಗಳಲ್ಲಿಯೂ ಆ ಮೋಟಾರಿರುವುದಿಲ್ಲವಾದುದರಿಂದ, ಎರಡೂ ಕೂಡಿದಾಗ ಬಳೆಯನ್ನು ಕೈಯಿಂದಲೇ ತಿರುಗಿಸಬೇಕಾಗುತ್ತದೆ. ಎರೆಭೂಮಿಯ ಧೂಳು ನುಣುಪಾದದ್ದು. ಬೇಸಗೆಯ ಗಾಳಿಯಲ್ಲಿ ಹೊಲದ ಬದುವಿನ ಮೇಲೆ ನಿಂತು ಮಸೂರವನ್ನು ಬಿಚ್ಚತಕ್ಕದ್ದಲ್ಲ.