ವರ್ಗವಾಗಿ ಬಂದವರ ಸಂಘ

ನಮ್ಮ ತರೀಕೆರೆ, ಅಜ್ಜಂಪುರ, ಕಡೂರು ಸೀಮೆಯಿಂದ ಬಿ.ಎಚ್. ರಸ್ತೆ ಹಿಡಿದು ಬೆಂಗಳೂರು ಸೇರುವ ಹುಡುಗ ಅಲ್ಲಿ ಮೊದಲು ಹುಡುಕುವುದು ಊರಿನವರನ್ನು. ರೂಮು ಯಾರ ಜೊತೆ, ಮೆಸ್ಸು ಎಲ್ಲಿ, ಯಾವ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ತಗೋತಿದ್ದಾರೆ ಎಂಬುದೆಲ್ಲ ಅವರ ಬಾಯಿಂದಲೇ ಗೊತ್ತಾಗಬೇಕು. ಅದೇ ಬೆಂಗಳೂರಿಗೆ ಟೋಕಿಯೊ, ನಗೋಯ, ಒಸಾಕಾಗಳಿಂದ ವರ್ಗವಾಗಿ ಬರುವ ಜಪಾನಿಯರ ಪಾಡೂ ಇದಕ್ಕಿಂತ ತೀರಾ ಬೇರೆಯಲ್ಲ. ಅವರು ಅದಕ್ಕೆಂದೇ ಸಂಘ ಕಟ್ಟಿಕೊಂಡಿದ್ದಾರೆ, ಅದೂ ಎರಡೆರಡು. ಒಂದು ಕಂಪನಿಗಳ ಸಂಘವಾದ ಜಪಾನ್ ವಾಣಿಜ್ಯ ಮತ್ತು ಕೈಗಾರಿಕಾ ಮಂಡಳಿ. ಸುಲಭಕ್ಕೆ ‘ಜಪಾನ್ ಚೇಂಬರ್’ ಎನ್ನೋಣ. ಇನ್ನೊಂದು ಕುಟುಂಬಗಳ ಸಂಘ, ಬೆಂಗಳೂರು ಜಪಾನಿಯರ ಸಂಘ. ಗಂಡ ಮೊದಲನೆಯದರ ಸಭೆಯಲ್ಲಿದ್ದರೆ ಹೆಂಡತಿ ಮಕ್ಕಳು ಎರಡನೆಯದರ ಕಾರ್ಯಕ್ರಮದಲ್ಲಿರುತ್ತಾರೆ.

ಹೊರದೇಶಕ್ಕೆ ಹೋದ ಜಪಾನಿಯರು ಹೋದಲ್ಲೆಲ್ಲ ಸಂಘ ಕಟ್ಟಿದ್ದು ಇಂದು ನಿನ್ನೆಯ ಮಾತಲ್ಲ. ಬ್ಯಾಂಕಾಕಿನ ಜಪಾನಿ ಸಂಘ 1913ರದು, ಸಿಂಗಪುರದ್ದು 1915ರದು. ಅವುಗಳ ಮುಂದೆ ಬೆಂಗಳೂರಿನ ಸಂಘಗಳು ಚಿಕ್ಕ ವಯಸ್ಸಿನವು. ಹಾಗೆಂದು ಜಪಾನಿಯರು ಈ ಊರಿಗೆ ಹೊಸಬರೇನಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಜಮ್ಷೆಡ್‌ಜಿ ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ಫಾರಂ ತೆರೆದಾಗ ಹುಳು ಸಾಕುವುದನ್ನೂ ನೂಲು ತೆಗೆಯುವುದನ್ನೂ ಕಲಿಸಲು ಜಪಾನಿನಿಂದ ತಜ್ಞರನ್ನು ಕರೆಸಿದ್ದರು. ಬಸವನಗುಡಿಯ ಹತ್ತಿರ ‘ಟಾಟಾ ಸಿಲ್ಕ್ ಫಾರಂ’ ಎಂಬ ಹೆಸರು ಇವತ್ತಿಗೂ ಬಸ್ಸಿನವರ ಬಾಯಲ್ಲಿ ಉಳಿದಿದೆ. ಅದೇ ಕಾಲಕ್ಕೆ, 1898ರಲ್ಲಿ, ವಿಶ್ವೇಶ್ವರಯ್ಯನವರು ಜಪಾನ್ ನೋಡಿ ಬಂದರು. ದಿವಾನರಾಗಿದ್ದಾಗ ಅವರು 1916ರಲ್ಲಿ ಹುಟ್ಟುಹಾಕಿಸಿದ ಮೈಸೂರು ವಾಣಿಜ್ಯ ಮಂಡಳಿಯೇ ಇಂದಿನ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆ (ಎಫ್‌ಕೆಸಿಸಿಐ). ನಮ್ಮ ಕೆಮ್ಮಣ್ಣುಗುಂಡಿಯ ಅದಿರನ್ನು ನಂಬಿ ಎದ್ದ ಭದ್ರಾವತಿ ಕಾರ್ಖಾನೆಯ ಹಿಂದೆಯೂ ಜಪಾನಿನಲ್ಲಿ ಅವರು ಕಂಡದ್ದರ ನೆರಳಿದೆ ಎಂದು ನನಗೆ ಅನ್ನಿಸುತ್ತದೆ.

ಸಂಘ ಕಟ್ಟುವಷ್ಟು ಜನ ಸೇರಿದ್ದು ಮಾತ್ರ ಟೊಯೊಟಾ ಬಂದ ಮೇಲೆ. 1997ರಲ್ಲಿ ಟೊಯೊಟಾ ಮತ್ತು ಕಿರ್ಲೋಸ್ಕರ್ ಸೇರಿ ಬಿಡದಿಯಲ್ಲಿ ಕಂಪನಿ ಶುರುಮಾಡಿದರು. ಹರಿಹರದ ಲೇತ್ ಕಾರ್ಖಾನೆಯಿಂದಾಗಿ ಕಿರ್ಲೋಸ್ಕರ್ ಹೆಸರು ನಮ್ಮ ಕಡೆಯವರಿಗೆ ಮನೆಮಾತು. ಎರಡು ಸಾವಿರದ ಹೊತ್ತಿಗೆ ಕ್ವಾಲಿಸ್ ರಸ್ತೆಗಿಳಿಯಿತು. ಕಾರಿನ ಹಿಂದೆ ಬಿಡಿಭಾಗದವರು ಬಂದರು, ಅವರ ಹಿಂದೆ ಸಾಗಣೆಯವರು, ಬ್ಯಾಂಕು, ವಿಮೆಯವರು ಬಂದರು. ಆಮೇಲೆ ನರಸಾಪುರದಲ್ಲಿ ಹೊಂಡಾ ಸ್ಕೂಟರಿನ ಕಾರ್ಖಾನೆ ಎದ್ದಿತು. ತುಮಕೂರಿನ ವಸಂತನರಸಾಪುರದಲ್ಲಿ ಜಪಾನಿ ಕಂಪನಿಗಳಿಗೆಂದೇ ಟೌನ್‌ಶಿಪ್ಪಿಗೆ ಜಾಗ ಗೊತ್ತಾಯಿತು. ಪಾಸ್‌ಪೋರ್ಟು, ವೀಸಾ ಎಂದು ಪ್ರತಿಸಲ ಚೆನ್ನೈಗೆ ಓಡುವುದು ತಪ್ಪಲೆಂದು 2008ರಲ್ಲಿ ಬೆಂಗಳೂರಿನಲ್ಲಿ ಜಪಾನ್ ಸರ್ಕಾರದ ಕಚೇರಿ ತೆರೆಯಿತು. 2017ರಲ್ಲಿ ಅದೇ ಪೂರ್ಣ ಪ್ರಮಾಣದ ಕಾನ್ಸುಲೇಟ್ ಆಯಿತು.

ಈ ಸಂಘಗಳ ಸ್ವಭಾವ ತಿಳಿಯಬೇಕಾದರೆ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿಯಬೇಕು. ಇವರು ವಲಸೆ ಬಂದವರಲ್ಲ, ವರ್ಗವಾಗಿ ಬಂದವರು. ಮೂರು ವರ್ಷ, ಹೆಚ್ಚೆಂದರೆ ಐದು ವರ್ಷ ಇದ್ದು ವಾಪಸ್ಸು ಹೋಗುವವರು. ಇಲ್ಲಿ ಮನೆ ಕಟ್ಟುವುದಿಲ್ಲ, ಸೈಟು ಕೊಳ್ಳುವುದಿಲ್ಲ. ಊರು ಕೈಗೆ ಹತ್ತಿತು ಅನ್ನುವಷ್ಟರಲ್ಲಿ ಹೊರಡುವ ಆರ್ಡರ್ ಬಂದಿರುತ್ತದೆ. ಪದಾಧಿಕಾರಿಗಳೂ ಇದೇ ಮಂದಿ, ಹಗಲಿಡೀ ಕಂಪನಿಯ ಕೆಲಸ ನೋಡಿಕೊಂಡು ಸಂಜೆ ಸಂಘದ ಕಡತ ಬಿಡಿಸುವವರು. ಆದ್ದರಿಂದ ಸಂಘದ ಮೊದಲ ಕೆಲಸ ಭಾಷಣವೂ ಅಲ್ಲ, ಔತಣವೂ ಅಲ್ಲ. ಹೋಗುವವನಿಗೆ ಗೊತ್ತಿದ್ದದ್ದನ್ನು ಬರುವವನಿಗೆ ದಾಟಿಸುವುದು. ವಿದೇಶಿಯರ ನೋಂದಣಿಗೆ ಯಾವ ಕಾಗದ ಬೇಕು, ಟ್ಯಾಂಕರ್ ನೀರಿನ ಅಪಾರ್ಟ್‌ಮೆಂಟಿನಲ್ಲಿ ತರಕಾರಿ ತೊಳೆಯುವುದು ಹೇಗೆ, ಡ್ರೈವರಿಗೆ ದೀಪಾವಳಿ ಬೋನಸ್ ಎಷ್ಟು ಕೊಡಬೇಕು, ಬಂದ್ ಎಂದು ಕೂಗಿದ ದಿನ ಫ್ಯಾಕ್ಟರಿ ಬಸ್ಸು ಹೊರಡಿಸಬೇಕೋ ಬೇಡವೋ ಇತ್ಯಾದಿ. ಕಾರಿನ ಕಂಪನಿಯವನಿಗೂ ಬ್ಯಾಂಕಿನವನಿಗೂ ವ್ಯಾಪಾರ ಬೇರೆಯಿರಬಹುದು, ಈ ಪ್ರಶ್ನೆಗಳು ಒಂದೇ.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ದೆಹಲಿ, ಮುಂಬೈಗಳಲ್ಲಿ ಪೂರ್ಣಕಾಲದ ಜಪಾನಿ ಶಾಲೆಗಳಿವೆ. ಬೆಂಗಳೂರಿನಲ್ಲಿರುವುದು ಪೂರಕ ಶಾಲೆ. ವಾರವೆಲ್ಲ ಇಂಗ್ಲಿಷ್ ಶಾಲೆಯಲ್ಲಿ ಓದಿದ ಮಗು ಅಲ್ಲಿ ತನ್ನ ಭಾಷೆ, ತನ್ನ ಪಠ್ಯದ ಲೆಕ್ಕ ಕಲಿಯಬೇಕು. ಇದು ಭಾಷಾಭಿಮಾನಕ್ಕಿಂತ ಹೆಚ್ಚಾಗಿ ಅಗತ್ಯದ ಮಾತು. ನಾಲ್ಕು ವರ್ಷ ಬಿಟ್ಟು ಒಸಾಕಾದ ತರಗತಿಯಲ್ಲಿ ಕೂತಾಗ ಕಾಂಜಿ ಅಕ್ಷರ ಓದಲು ಬಾರದಿದ್ದರೆ ಆ ಮಗುವಿನ ಗತಿಯೇನು? ಹೈಸ್ಕೂಲು, ಕಾಲೇಜಿನ ಪ್ರವೇಶ ಪರೀಕ್ಷೆಗಳು ಅಲ್ಲಿ ಯಾರನ್ನೂ ಕಾಯುವುದಿಲ್ಲ. ಅಮೆರಿಕದಲ್ಲಿ ಭಾನುವಾರದ ‘ಕನ್ನಡ ಕಲಿ’ ತರಗತಿಗೆ ಮಕ್ಕಳನ್ನು ಎಳೆದೊಯ್ಯುವ ನಮ್ಮವರಿಗೆ ಅರ್ಧ ಮಾತ್ರ ಗೊತ್ತಿರುವ ಕಷ್ಟವಿದು. ನಮ್ಮ ಮಕ್ಕಳು ಕನ್ನಡ ಮರೆತರೆ ಅಜ್ಜಿಗೆ ಬೇಸರ, ಅವರ ಮಕ್ಕಳು ಮರೆತರೆ ಒಂದು ವರ್ಷದ ಓದೇ ಹಿಂದೆ ಬೀಳುತ್ತದೆ.

ಆಸ್ಪತ್ರೆಯದ್ದೂ ಹೀಗೇ. ಹೊಟ್ಟೆನೋವನ್ನು ಪರಭಾಷೆಯಲ್ಲಿ ಹೇಳುವುದು ಸುಲಭವಲ್ಲ. ಬೆಂಗಳೂರಿನ ಹೊರವರ್ತುಲ ರಸ್ತೆಯ ಸಕ್ರ ವರ್ಲ್ಡ್ ಆಸ್ಪತ್ರೆ ಜಪಾನಿನ ಸೆಕಾಮ್ ಮತ್ತು ಟೊಯೊಟಾ ತ್ಸುಶೊ ಬಂಡವಾಳದಿಂದ ಎದ್ದದ್ದು. ಈಗ ಅಲ್ಲಿ ಜಪಾನಿಯರಿಗಿಂತ ಕನ್ನಡಿಗರು, ತೆಲುಗರು, ಬಂಗಾಳಿಗಳೇ ಹೆಚ್ಚು.

ಚೇಂಬರಿನ ಇನ್ನೊಂದು ಮುಖ ಸರ್ಕಾರದ ಕಡೆಗೆ ತಿರುಗಿದ್ದು. ದೆಹಲಿಯ ಜಪಾನ್ ಚೇಂಬರು ವರ್ಷವರ್ಷವೂ ಕೇಂದ್ರ ಸರ್ಕಾರಕ್ಕೆ ಬೇಡಿಕೆಗಳ ಪಟ್ಟಿ ಕೊಡುತ್ತದೆ. ಬೆಂಗಳೂರಿನವರು ರಾಜ್ಯದ ಮಂತ್ರಿಗಳು, ಅಧಿಕಾರಿಗಳ ಮುಂದೆ ಕೂರುತ್ತಾರೆ. ಕೇಳುವುದರಲ್ಲಿ ನಮಗೆ ಗೊತ್ತಿಲ್ಲದ್ದೇನೂ ಇಲ್ಲ. ರಸ್ತೆ, ನೀರು, ಕರೆಂಟು, ತಡವಾಗುವ ಲೈಸೆನ್ಸು, ತಿಂಗಳಿಗೊಮ್ಮೆ ಬದಲಾಗುವ ನಿಯಮ. ಹೊಸದಿರುವುದು ಕೇಳುವ ರೀತಿಯಲ್ಲಿ. ಒಬ್ಬೊಬ್ಬರೇ ಪರಿಚಯದವರನ್ನು ಹಿಡಿದು ಕೆಲಸ ಮಾಡಿಸಿಕೊಳ್ಳುವುದಿಲ್ಲ. ತಮ್ಮ ತಮ್ಮಲ್ಲಿ ಮೊದಲು ಕೂತು ಮಾತಾಡಿ, ಒಪ್ಪಿದ್ದನ್ನಷ್ಟೆ ಬರೆದು ತರುತ್ತಾರೆ. ಹೋದ ವರ್ಷ ಕೊಟ್ಟ ಪಟ್ಟಿಯಲ್ಲಿ ಯಾವುದಾಯಿತು, ಯಾವುದಾಗಲಿಲ್ಲ ಎಂದು ಕೇಳುತ್ತಾರೆ. ಎಲೆಚುಕ್ಕಿ ರೋಗಕ್ಕೆ ಪರಿಹಾರ ಕೊಡಿ ಎಂದು ವರ್ಷಗಟ್ಟಲೆ ಅಲೆಯುತ್ತಿರುವ ಅಡಿಕೆ ಬೆಳೆಗಾರ ಇದನ್ನು ಓದಿ ನಿಟ್ಟುಸಿರು ಬಿಟ್ಟರೆ ತಪ್ಪಿಲ್ಲ. ಬಂಡವಾಳ ತರುವವರ ಪಟ್ಟಿಗೆ ವಿಧಾನಸೌಧದಲ್ಲಿ ಸಿಗುವ ಕುರ್ಚಿ ಅಡಿಕೆಯವರ ಮನವಿಗೆ ಸಿಗುವುದಿಲ್ಲ.

ಇದು ಮಾಲೀಕರ ಸಂಘ ಎಂಬುದನ್ನೂ ಮರೆಯಬಾರದು. 2020ರ ನವೆಂಬರಿನಿಂದ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ ಕೆಲಸದ ಒತ್ತಡದ ದೂರು, ನೌಕರನೊಬ್ಬನ ಅಮಾನತು, ಧರಣಿ, ಆಮೇಲೆ ಲಾಕೌಟ್ ಎಂದು ತಿಂಗಳುಗಟ್ಟಲೆ ಜಗ್ಗಾಟ ನಡೆಯಿತು. ಶಿಸ್ತು, ಸಮಯಪಾಲನೆ ಎಂದು ನಾವು ಹೊಗಳುವ ಪದ್ಧತಿ ಲೈನಿನಲ್ಲಿ ನಿಂತವನಿಗೆ ಹೇಗೆ ಕಾಣುತ್ತದೆ ಎಂಬುದು ಚೇಂಬರಿನ ಔತಣಕೂಟದಲ್ಲಿ ಗೊತ್ತಾಗುವ ವಿಷಯವಲ್ಲ. ಜಪಾನಿನ ಹಣವೆಲ್ಲ ಚೇಂಬರಿನ ಮೂಲಕವೇ ಬರುತ್ತದೆ ಎಂಬ ತಪ್ಪು ತಿಳಿವಳಿಕೆಯೂ ಇದೆ. ಬೆಂಗಳೂರಿನ ‘ನಮ್ಮ ಮೆಟ್ರೋ’ದ ಮೊದಲ ಹಂತಕ್ಕೂ, 2024ರ ಅಕ್ಟೋಬರಿನಲ್ಲಿ ನಗರದಂಚಿನ 110 ಹಳ್ಳಿಗಳಿಗೆ ನೀರು ಹರಿಸಿದ ಕಾವೇರಿ ಐದನೇ ಹಂತಕ್ಕೂ ಸಾಲ ಕೊಟ್ಟದ್ದು ಜೈಕಾ, ಅಂದರೆ ಜಪಾನ್ ಸರ್ಕಾರದ ಸಂಸ್ಥೆ. ಅದರ ದಾರಿಯೇ ಬೇರೆ.

ಪರದೇಶಿ ವರ್ತಕರ ಕೂಟ ನಮ್ಮ ನೆಲಕ್ಕೆ ಹೊಸದೂ ಅಲ್ಲ. ನಮ್ಮ ಅಮೃತಾಪುರದಲ್ಲಿ ಹೊಯ್ಸಳ ವೀರಬಲ್ಲಾಳನ ದಂಡನಾಯಕ 1196ರಲ್ಲಿ ಅಮೃತೇಶ್ವರನ ಗುಡಿ ಕಟ್ಟಿಸುವ ಹೊತ್ತಿಗೆ, ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆಯ ಐನೂರ್ವರು ದಕ್ಷಿಣವನ್ನೆಲ್ಲ ಸುತ್ತಿ ವ್ಯಾಪಾರ ಮಾಡುತ್ತಿದ್ದರು. ತಮ್ಮ ಸರಕಿನ ಮೇಲೆ ತಾವೇ ತೆರಿಗೆ ಹಾಕಿಕೊಂಡು ಗುಡಿಗಳಿಗೆ ಕೊಟ್ಟದ್ದು ಶಾಸನಗಳಲ್ಲಿದೆ. ಐನೂರ್ವರ ಹೆಸರಿನ 1088ರ ತಮಿಳು ಶಾಸನವೊಂದು ಸುಮಾತ್ರಾದ ಬಾರುಸ್‌ನಲ್ಲಿ ಸಿಕ್ಕಿದೆ. ಕಡಲಾಚೆ ಹೋದರೂ ಅವರು ಕೂಟ ಬಿಡಲಿಲ್ಲ. ಈಗ ಟೋಕಿಯೊದ ನಿಶಿ-ಕಸಾಯ್ ಬಡಾವಣೆಯಲ್ಲಿ ಸಾಫ್ಟ್‌ವೇರಿನ ನಮ್ಮವರು ಇದನ್ನೇ ಮಾಡುತ್ತಿದ್ದಾರೆ. ಅಲ್ಲಿ ದೀಪಾವಳಿಯೂ ಆಗುತ್ತದೆ, ದಿನಸಿ ಅಂಗಡಿಯಲ್ಲಿ ತೊಗರಿಬೇಳೆಯೂ ಸಿಗುತ್ತದೆ.

ಇಷ್ಟೆಲ್ಲ ಹೇಳಿದರೂ ಬೆಂಗಳೂರಿನ ಸಾಮಾನ್ಯನಿಗೆ ಈ ಸಂಘಗಳು ಕಾಣುವುದು ಜಪಾನ್ ಹಬ್ಬದ ದಿನ ಮಾತ್ರ. 2005ರಲ್ಲಿ ಶುರುವಾದ ಈ ಹಬ್ಬವನ್ನು ಜಪಾನಿ ಕಲಿಯುತ್ತಿರುವ ಇಲ್ಲಿನ ವಿದ್ಯಾರ್ಥಿಗಳು, ಜಪಾನಿ ಕುಟುಂಬಗಳು, ಕಂಪನಿಗಳು, ಕಾನ್ಸುಲೇಟ್ ಎಲ್ಲ ಸೇರಿ ನಡೆಸುತ್ತವೆ. ಒಂದು ಮೂಲೆಯಲ್ಲಿ ಕಾಗದ ಮಡಚಿ ಕೊಕ್ಕರೆ ಮಾಡುವುದನ್ನು ಕಲಿಸುತ್ತಿರುತ್ತಾರೆ. ಇನ್ನೊಂದು ಮೂಲೆಯಲ್ಲಿ ಯುಕಾತಾ ತೊಡಿಸುತ್ತಿರುತ್ತಾರೆ; ನಡುಪಟ್ಟಿ ಬಿಗಿಯುವಾಗ ‘ಉಸಿರು ಬಿಡಿ’ ಎಂದು ಕೈಸನ್ನೆ. ಮೇಜಿನ ಹಿಂದೆ ಕೂತವರ ಮುಂದೆ ನಿಮ್ಮ ಹೆಸರು ಹೇಳಿದರೆ ಬ್ರಷ್ಷಿನಲ್ಲಿ ಬರೆದುಕೊಡುತ್ತಾರೆ. ‘ಳ’ಕಾರವಿರುವ ಹೆಸರಾದರೆ ಒಂದು ಕ್ಷಣ ಕುಂಚ ನಿಲ್ಲುತ್ತದೆ, ಪಕ್ಕದವರೊಡನೆ ಸಣ್ಣ ಚರ್ಚೆಯಾಗುತ್ತದೆ, ಕೊನೆಗೆ ‘ರ’ಕಾರದಲ್ಲೇ ಮುಗಿಸುತ್ತಾರೆ. ವೇದಿಕೆಯ ಮೇಲೆ ನಮ್ಮ ಹುಡುಗಿಯರು ಜಪಾನಿ ಹಾಡು ಹಾಡಿದರೆ ಕೆಳಗಿರುವ ಜಪಾನಿಯರು ತಾಳ ಹಾಕುತ್ತಾರೆ. ಎಚ್ಚರದಿಂದ ಮಾತಾಡುವ ಮ್ಯಾನೇಜರು ಅಲ್ಲಿ ಬೆವರು ಸುರಿಸಿ ಕುಣಿಯುವುದನ್ನು ನೋಡಬೇಕು. ಆದರೆ ಮರುದಿನ ಸೋಮವಾರ. ಅವರು ಗೇಟಿನೊಳಗಿನ ಅಪಾರ್ಟ್‌ಮೆಂಟಿಗೆ, ನಾವು ನಮ್ಮ ಬೀದಿಗೆ. ವರ್ಷಕ್ಕೊಂದು ಹಬ್ಬದಿಂದ ನೆರೆಹೊರೆ ಹುಟ್ಟುವುದಿಲ್ಲ ಎಂಬ ದೂರಿನಲ್ಲಿ ಹುರುಳಿದೆ.

ನಮ್ಮ ತಾಲ್ಲೂಕುಗಳಿಗೆ ಇದರಿಂದ ಏನು ಬಂತು ಎಂದು ಕೇಳುವವರಿಗೆ ನಾನು ತೋರಿಸುವುದು ಬಿಡದಿಯ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆಯನ್ನು. ಅದು ಚೇಂಬರಿನದಲ್ಲ, ಕಂಪನಿಯದು. 2007ರಲ್ಲಿ ಶುರುವಾಯಿತು. ಎಸ್ಸೆಸ್ಸೆಲ್ಸಿ ಮುಗಿಸಿದ ಹಳ್ಳಿಯ ಬಡಮಕ್ಕಳಿಗೆ ಮೂರು ವರ್ಷದ ತರಬೇತಿ, ಊಟ ವಸತಿ ಅಲ್ಲೇ. ಮೊದಲು ಹುಡುಗರಿಗಷ್ಟೆ ಇತ್ತು, ಈಗ ಹುಡುಗಿಯರಿಗೂ ಇದೆ. ಬೆಳಿಗ್ಗೆ ಎದ್ದು ಓಡುವುದು, ಹಾಸಿಗೆ ಮಡಚುವುದು, ಸ್ಪ್ಯಾನರನ್ನು ತೆಗೆದಲ್ಲೇ ಇಡುವುದು, ಇದೆಲ್ಲ ವೆಲ್ಡಿಂಗ್, ಪೇಂಟಿಂಗಿನಷ್ಟೇ ಮುಖ್ಯ ಪಾಠ.

ಇತ್ತೀಚೆಗೆ ಇನ್ನೊಂದು ಬಾಗಿಲೂ ತೆರೆದಿದೆ. ಮುದುಕರೇ ತುಂಬಿಕೊಂಡಿರುವ ಜಪಾನಿಗೆ ಶುಶ್ರೂಷೆ ಮಾಡುವ ಕೈಗಳು ಸಾಲುತ್ತಿಲ್ಲ. ಭಾರತದಿಂದ ಕುಶಲ ಕೆಲಸಗಾರರನ್ನು ಕರೆಸಿಕೊಳ್ಳುವ ಒಪ್ಪಂದಕ್ಕೆ 2021ರ ಜನವರಿಯಲ್ಲಿ ಸಹಿಯಾಯಿತು. ನರ್ಸಿಂಗ್ ಓದಿದವರು ಇದನ್ನು ಗಮನಿಸಬೇಕು, ಆದರೆ ಭಾಷೆ ಬಾರದೆ ಅಲ್ಲಿ ಹೆಜ್ಜೆ ಇಡಲಾಗದು. ಜಪಾನಿ ಭಾಷಾ ಪರೀಕ್ಷೆಯಲ್ಲಿ ಎನ್-5ರಿಂದ ಎನ್-1ರವರೆಗೆ ಐದು ಮೆಟ್ಟಿಲು. ತೀರಾ ಕೆಳಗಿನ ಎನ್-5 ಸಾಲದು. ಈ ಕೆಲಸಗಳಿಗೆ ಸಾಮಾನ್ಯವಾಗಿ ಕೇಳುವುದು ಎನ್-4. ಪರೀಕ್ಷೆ ಜುಲೈ ಮತ್ತು ಡಿಸೆಂಬರಿನ ಮೊದಲ ಭಾನುವಾರ, ಬೆಂಗಳೂರಿನಲ್ಲೂ ಕೇಂದ್ರವಿದೆ. ಏಜೆಂಟರಿಗೆ ಲಕ್ಷಗಟ್ಟಲೆ ಎಣಿಸುವ ಮೊದಲು ಈ ಪರೀಕ್ಷೆ ಬರೆದು ನೋಡುವುದು ಒಳ್ಳೆಯದು.