ಕಿಷ್ಕಿಂಧೆಯ ಕಾಮಿಕ್ಸು

ಅಮರ ಚಿತ್ರ ಕಥೆಯ ಹಳೇ ‘ಕೃಷ್ಣ’ ಯಾರ ಮನೆಯ ಅಟ್ಟದ ಮೇಲಾದರೂ ಸಿಕ್ಕರೆ ಒಂದು ಕೆಲಸ ಮಾಡಿ. ಬೆಣ್ಣೆ ಕದಿಯುವ ಪೋರನನ್ನು ಆಮೇಲೆ ನೋಡುವಿರಂತೆ, ಮೊದಲು ಸಂಚಿಕೆಯ ಸಂಖ್ಯೆ ಹುಡುಕಿ. 11! ದೇಶದ ಮಕ್ಕಳಿಗೆಲ್ಲ ಪುರಾಣದ ರುಚಿ ಹತ್ತಿಸಿದ ಸರಣಿಯ ಮೊಟ್ಟಮೊದಲ ಪುರಾಣ ಪುಸ್ತಕ ಅದು. ಅದಕ್ಕೇಕೆ ಹನ್ನೊಂದನೇ ನಂಬರು? ಒಂದರಿಂದ ಹತ್ತರವರೆಗಿನವು ಎಲ್ಲಿ?

ಕನ್ನಡದಲ್ಲಿ! ಹೌದು, ಕನ್ನಡದಲ್ಲಿ. 1965ರಲ್ಲಿ ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ವಹಿವಾಟು ನೋಡುತ್ತಿದ್ದ ಜಿ.ಕೆ. ಅನಂತರಾಮ್ ಅವರ ತಲೆಗೆ ಕನ್ನಡದ ಮಕ್ಕಳಿಗೆ ಚಿತ್ರಕಥೆ ಕೊಡುವ ಯೋಚನೆ ಬಂತು. ಪಶ್ಚಿಮದ ಮಕ್ಕಳ ಕಥೆಗಳು ಕನ್ನಡ ಮಾತಾಡುತ್ತ ಹೊರಬಂದವು, ಒಟ್ಟು ಹತ್ತು. ಚೆನ್ನಾಗಿಯೇ ಖರ್ಚಾದವು. ಮುಂಬೈ ಕಚೇರಿಗೆ ಧೈರ್ಯ ಬಂತು. ಅಲ್ಲಿ ಈ ಕೆಲಸಕ್ಕೆ ಹೆಗಲು ಕೊಟ್ಟವರು ಯಾರು? ನಮ್ಮ ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈ. 1967ರಲ್ಲಿ ದೆಹಲಿಯ ಟಿ.ವಿ. ಕ್ವಿಜ್ ಒಂದರಲ್ಲಿ ಗ್ರೀಕ್ ದೇವತೆಗಳ ಬಗ್ಗೆ ಪಟಪಟ ಉತ್ತರ ಹೇಳಿದ ಮಕ್ಕಳು ರಾಮನ ತಾಯಿ ಯಾರೆಂದರೆ ತಬ್ಬಿಬ್ಬಾದದ್ದನ್ನು ಕಂಡು ಅವರ ಜೀವ ಚುರುಕ್ ಎಂದಿತ್ತು. ರಾಮ್ ವಾಯೀರ್‌ಕರ್ ಕುಂಚದಿಂದ ‘ಕೃಷ್ಣ’ ಬಂತು. ಶಾಕುಂತಲೆ ಬಂದಳು, ಕಾದಂಬರಿ ಬಂದಳು, ವಾಸವದತ್ತೆ ಬಂದಳು. ಕಾಳಿದಾಸ, ಬಾಣ, ಭಾಸರು ಮೂವತ್ತೆರಡು ಪುಟಗಳಲ್ಲಿ ಮಡಿಚಿ ಕೂತರು.

ಅಮೆರಿಕದ ಆಲ್ಬರ್ಟ್ ಕ್ಯಾಂಟರ್ 1941ರಲ್ಲೇ, ಮುಂದೆ ‘ಕ್ಲಾಸಿಕ್ಸ್ ಇಲ್ಲಸ್ಟ್ರೇಟೆಡ್’ ಎನಿಸಿಕೊಂಡ ಸರಣಿ ಶುರುಮಾಡಿ, ಡ್ಯೂಮಾನ ‘ತ್ರೀ ಮಸ್ಕಿಟಿಯರ್ಸ್’ ಕಾದಂಬರಿಯನ್ನು ಮೊದಲ ಸಂಚಿಕೆಯಾಗಿ ಅಚ್ಚುಹಾಕಿದ್ದ, ನಿಜ. ದೊಡ್ಡ ಸಾಹಿತ್ಯವನ್ನು ಚೌಕಟ್ಟು ಚೌಕಟ್ಟಾಗಿ ಚಿತ್ರಿಸಿ ಹೇಳುವ ವಿದ್ಯೆ ನಮಗೆ ಆ ಕಡೆಯಿಂದ ಬಂತು ಎಂದೇ ನಾನೂ ತಿಳಿದಿದ್ದೆ. ಆದರೆ ಕೊಪ್ಪಳ ಜಿಲ್ಲೆಯಲ್ಲಿ ಅದೇ ವಿದ್ಯೆಯ ಜಾಡು ಹಿಡಿದು ಹೊರಟರೆ ಎಲ್ಲಿಗೆ ಹೋಗಿ ಮುಟ್ಟುತ್ತೇವೆ ಗೊತ್ತೇ? ಕಲ್ಲಿಗೆ, ಗಾರೆಗೆ, ಕೊನೆಗೆ ಆಡಿನ ಚರ್ಮಕ್ಕೆ!

ಗಂಗಾವತಿಯಿಂದ ಆನೆಗೊಂದಿಯ ದಾರಿ ಹಿಡಿಯಿರಿ. ಎರಡೂ ಕಡೆ ಭತ್ತದ ಗದ್ದೆ, ಆಚೆ ಬಂಡೆಯ ಮೇಲೆ ಬಂಡೆ. ಈ ಸೀಮೆಯೇ ಕಿಷ್ಕಿಂಧೆ ಎಂಬುದು ಇಲ್ಲಿಯವರ ನಂಬಿಕೆ. ಹನುಮ ಹುಟ್ಟಿದ ಜಾಗವೆಂದು ಜನ 575 ಮೆಟ್ಟಿಲು ಹತ್ತುವ ಅಂಜನಾದ್ರಿ, ಶಬರಿ ಕಾದು ಕೂತಿದ್ದ ಪಂಪಾ ಸರೋವರ, ವಾಲಿ ಕೋಟೆ, ವಾಲಿ ಭಂಡಾರ, ರಾಮ ಬಾಣ ಬಿಟ್ಟನೆನ್ನುವ ಚಿಂತಾಮಣಿ, ಎಲ್ಲ ಇಲ್ಲಿಯೇ. ಅಮರ ಚಿತ್ರ ಕಥೆಯ ‘ಹನುಮಾನ್’ ಹಿಡಿದು ಓದುವ ಆನೆಗೊಂದಿಯ ಹುಡುಗನ ಭಾಗ್ಯ ನೋಡಿ. ಪುಟದಲ್ಲಿ ಒಂದು ಗುಡ್ಡ, ಕಿಟಕಿಯಾಚೆ ಅದೇ ಗುಡ್ಡ! ಚಿತ್ರದಲ್ಲಿ ಬಣ್ಣ ತುಸು ಹೆಚ್ಚು, ಬಿಸಿಲು ತುಸು ಕಡಿಮೆ, ಅಷ್ಟೇ ವ್ಯತ್ಯಾಸ.

ಚಿಂತಾಮಣಿಯ ಹೊಳೆದಂಡೆಯಲ್ಲಿ ನಿಂತಾಗ ನನಗೆ ಹೊಳೆದದ್ದನ್ನು ಹೇಳದೆ ಮುಂದೆ ಹೋಗಲಾರೆ. ವಾಲಿ-ಸುಗ್ರೀವರ ಮೊದಲ ಕಾಳಗದಲ್ಲಿ ರಾಮ ಬಾಣ ಬಿಡಲೇ ಇಲ್ಲ. ಯಾಕೆ? ಅಣ್ಣ ತಮ್ಮ ಇಬ್ಬರೂ ಒಂದೇ ಥರ, ಯಾರು ಯಾರೆಂದು ಗೊತ್ತಾಗಲಿಲ್ಲ. ಸುಗ್ರೀವ ಪೆಟ್ಟು ತಿಂದು ಓಡಿಬಂದ. ಆಮೇಲೆ ಲಕ್ಷ್ಮಣ ಹೂಬಿಟ್ಟ ಬಳ್ಳಿಯೊಂದನ್ನು ಕಿತ್ತು ಅವನ ಕೊರಳಿಗೆ ಕಟ್ಟಿದ, ಗುರುತಿಗೆ. ಇದು ಕವಿಯ ಕಷ್ಟವಲ್ಲ! ಕವಿಗೇನು, ‘ವಾಲಿ’ ಎಂದರೆ ವಾಲಿ, ‘ಸುಗ್ರೀವ’ ಎಂದರೆ ಸುಗ್ರೀವ. ಇದು ಚಿತ್ರಗಾರನ ಕಷ್ಟ. ಒಂದೇ ಮೈಕಟ್ಟಿನ, ಒಂದೇ ಕಿರೀಟದ ಇಬ್ಬರು ಕಪಿವೀರರು ಒಬ್ಬರನ್ನೊಬ್ಬರು ಅಪ್ಪಿ ಹಿಡಿದಿದ್ದಾರೆ, ನೋಡುವವನಿಗೆ ಯಾರ ಪರ ಚಪ್ಪಾಳೆ ತಟ್ಟಬೇಕೆಂದು ತಿಳಿಯಬೇಕು. ಕಾಮಿಕ್ಸ್ ಬರೆಯುವವನು ಇವತ್ತು ತಲೆ ಕೆರೆದುಕೊಳ್ಳುವ ತೊಡಕನ್ನು ವಾಲ್ಮೀಕಿ ಕಥೆಯೊಳಗೇ ಇಟ್ಟು, ಅದಕ್ಕೆ ಪರಿಹಾರವನ್ನೂ ಕಥೆಯೊಳಗೇ ಕೊಟ್ಟಿದ್ದಾನೆ: ಒಂದು ಹಾರ. ಕಲ್ಲಿಗೂ ಆಯಿತು, ಚರ್ಮಕ್ಕೂ ಆಯಿತು, ನಾಲ್ಕು ಬಣ್ಣದ ಅಚ್ಚಿಗೂ ಆಯಿತು!

ಹೊಳೆ ದಾಟಿದರೆ ಹಂಪಿ. ಜಿಲ್ಲೆ ಬೇರೆ, ಕಥೆ ಒಂದೇ. ಹಜಾರರಾಮ ದೇವಾಲಯ ಹದಿನೈದನೇ ಶತಮಾನದ್ದು. ಗುಡಿಯ ಹೊರಗೋಡೆಯ ಮೇಲೆ ಮೂರು ಸಾಲಾಗಿ ರಾಮಾಯಣ ಕೆತ್ತಿದ್ದಾರೆ. ಕಂಬ ಒಂದು ಬಂದರೆ ಅಲ್ಲಿಗೆ ಒಂದು ದೃಶ್ಯ ಮುಗಿಯಿತು, ಮುಂದಿನದು ಶುರು. ದಶರಥನ ಯಾಗ, ತಾಟಕಿಯ ವಧೆ, ಬಂಗಾರದ ಜಿಂಕೆ. ಏಳು ತಾಳೆಮರಗಳನ್ನು ಒಂದೇ ಬಾಣದಲ್ಲಿ ಸೀಳುವ ರಾಮನನ್ನು ನೋಡಿ: ಮರಗಳೆಲ್ಲ ಒಂದು ಹಾವಿನ ಬೆನ್ನ ಮೇಲೆ ನಿಂತಿವೆ! ನಡುವೆ ಒಂದಕ್ಷರವೂ ಇಲ್ಲ, ಬೇಕಾಗಿಯೂ ಇಲ್ಲ. ಓದುವ ಕ್ರಮವಂತೂ ಕೇಳಲೇಬೇಡಿ. ಪ್ರದಕ್ಷಿಣೆ ಹಾಕುತ್ತ ಓದಬೇಕು. ಒಂದು ಸುತ್ತಿಗೆ ಒಂದು ಸಾಲು, ಮೂರು ಸಾಲಿಗೆ ಮೂರು ಸುತ್ತು. ಇಲ್ಲಿ ಪುಟ ತಿರುಗುವುದಿಲ್ಲ, ಓದುಗನೇ ತಿರುಗುತ್ತಾನೆ. ಓದಿ ಮುಗಿಸುವ ಹೊತ್ತಿಗೆ ಪುಣ್ಯವೂ ಬಂದಿರುತ್ತದೆ. ಲವಕುಶರ ಕಥೆ ಬೇಕೆಂದರೆ ಅದೇ ಆವರಣದ ಚಿಕ್ಕ ಗುಡಿಯ ಗೋಡೆ ನೋಡಬೇಕು. ಉತ್ತರಕಾಂಡಕ್ಕೆ ಪ್ರತ್ಯೇಕ ಸಂಪುಟ ಎನ್ನಿ.

(ಇಟಗಿಯ ಮಹಾದೇವ ದೇವಾಲಯ ಬಿಟ್ಟಿರಲ್ಲ ಎಂದು ಯಲಬುರ್ಗಾ ಕಡೆಯವರು ಸಿಟ್ಟಾಗಬಾರದು. 1112ರ ಆ ಗುಡಿ ದೇವಾಲಯ ಚಕ್ರವರ್ತಿಯೇ ಸರಿ. ಆದರೆ ಅಲ್ಲಿಗೆ ಕಂಬ ನೋಡಲು ಹೋಗಬೇಕು, ಕಥೆ ಓದಲು ಅಲ್ಲ.)

ಹಂಪಿಯದೇ ವಿರೂಪಾಕ್ಷನ ಗುಡಿಯ ರಂಗಮಂಟಪದಲ್ಲಿ ಕತ್ತು ನೋಯುವವರೆಗೆ ಮೇಲೆ ನೋಡಿ. ಛತ್ತಿನ ತುಂಬ ಚಿತ್ರ, ಚಿತ್ರಕ್ಕೆಲ್ಲ ಗೆರೆ ಎಳೆದ ಅಂಚು. ಒಂದರಲ್ಲಿ ಪಲ್ಲಕ್ಕಿಯಲ್ಲಿ ವಿದ್ಯಾರಣ್ಯರು, ಇನ್ನೊಂದರಲ್ಲಿ ತ್ರಿಪುರಗಳಿಗೆ ಗುರಿಯಿಟ್ಟ ಶಿವ, ಮತ್ತೊಂದರಲ್ಲಿ ಮತ್ಸ್ಯಯಂತ್ರ ಭೇದಿಸುವ ಅರ್ಜುನ. ಇದನ್ನೆಲ್ಲ ಬರೆದವರು ಯಾರು? ಕಿನ್ನಾಳದ ಚಿತ್ರಗಾರರ ಹಿರೀಕರು ಎಂಬ ಮಾತು ತಲೆಮಾರುಗಳಿಂದ ಬಂದಿದೆ. ಕಿನ್ನಾಳ ಎಲ್ಲಿದೆ? ಕೊಪ್ಪಳದ ಪಕ್ಕದಲ್ಲೇ! ಇವತ್ತಿಗೂ ಆ ಊರಿನಲ್ಲಿ ಹಗುರ ಕಟ್ಟಿಗೆಯ ಗೊಂಬೆ ಮಾಡುತ್ತಾರೆ. ಸೆಣಬಿನ ಚಿಂದಿ ನೆನೆಸಿ, ಒಣಗಿಸಿ, ಪುಡಿಮಾಡಿ ಹುಣಸೆಬೀಜದ ಅಂಟಿನಲ್ಲಿ ಕಲಸಿದರೆ ‘ಕಿಟ್ಟ’. ಕೈ, ಕಾಲು, ತಲೆಗಳ ಬೆಸುಗೆಗೆಲ್ಲ ಅದೇ. ಮೇಲೆ ಹಚ್ಚುವ ಕೆಂಪು, ಹಳದಿ, ಹಸಿರು ಕಣ್ಣಿಗೆ ರಾಚುತ್ತದೆ. ಅಂಗಡಿಯಲ್ಲಿ ಸಿಗುವ ಪುರಾಣದ ಕಾಮಿಕ್ಸಿನ ಬಣ್ಣ ಗಾಢವಾಯಿತೆಂದು ಮೂಗು ಮುರಿಯುವವರನ್ನು ನಾನು ಒಮ್ಮೆ ಕಿನ್ನಾಳಕ್ಕೆ ಕಳಿಸುತ್ತೇನೆ.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ಮೋರನಾಳಕ್ಕೆ ಬರಲಿಕ್ಕೆ. ಕೊಪ್ಪಳ ತಾಲೂಕಿನ ಈ ಪುಟ್ಟ ಊರಿನ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ಆಗ ಅವರ ವಯಸ್ಸು 96. ಎಪ್ಪತ್ತು ವರ್ಷಕ್ಕೂ ಮಿಕ್ಕಿ ತೊಗಲುಗೊಂಬೆಯಲ್ಲಿ ರಾಮಾಯಣ, ಮಹಾಭಾರತ ಆಡಿಸಿದ ಅಜ್ಜಿ! ಆಟ ಸಮುದ್ರದಾಚೆಗೂ ಹೋಗಿಬಂದಿದೆ. ಮಹಾಭಾರತದ ಅಜ್ಜಿಗೆ ಪ್ರಶಸ್ತಿ ಸಂದ ವರ್ಷ ದೇಶದ ರಾಷ್ಟ್ರಪತಿಯ ಹೆಸರು ದ್ರೌಪದಿ. ಇಂಥದ್ದನ್ನು ಕಥೆಯಲ್ಲಿ ಬರೆದರೆ ಯಾರೂ ನಂಬುವುದಿಲ್ಲ.

ತೊಗಲುಗೊಂಬೆ ಎಂದರೆ ಕೈಕಾಲು ಆಡಿಸುವ ಒಂದೊಂದೇ ಪಾತ್ರ ಎಂದು ತಿಳಿದಿದ್ದೀರಾ? ಅವೂ ಇವೆ. ಆದರೆ ನಮ್ಮ ಕರ್ನಾಟಕದ ಗೊಂಬೆಗಳ ಸೋಜಿಗ ಇರುವುದು ಇನ್ನೊಂದು ಜಾತಿಯಲ್ಲಿ, ಒಂದೇ ಚರ್ಮದಲ್ಲಿ ಒಂದು ಇಡೀ ದೃಶ್ಯ! ಅಶೋಕವನ ತಗೊಳ್ಳಿ. ನಡುವೆ ಮರ, ಬುಡದಲ್ಲಿ ತಲೆ ಬಗ್ಗಿಸಿ ಕೂತ ಸೀತವ್ವ, ಕೊಂಬೆಯ ಮೇಲೆ ಬಾಲ ಸುತ್ತಿಕೊಂಡ ಹನುಮಪ್ಪ, ಸುತ್ತ ಕಾವಲು ರಕ್ಕಸಿಯರು. ಎಲ್ಲರೂ ಒಂದೇ ಚರ್ಮದಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡೇ ಇದ್ದಾರೆ, ಸುತ್ತಲಿನ ಬಳ್ಳಿಯ ಅಂಚೇ ಚೌಕಟ್ಟು. ಇದಕ್ಕೆ ಕಾಮಿಕ್ಸಿನ ಪ್ಯಾನೆಲ್ ಎನ್ನದೆ ಇನ್ನೇನೆನ್ನಲಿ!

ಹತ್ತಿರ ಹೋಗಿ ಕೈಯಲ್ಲಿ ಹಿಡಿಯಿರಿ. ಆಡಿನ ಚರ್ಮ, ಕೂದಲು ಹೆರೆದು ಬಿಗಿದು ಒಣಗಿಸಿದ್ದು, ಹಪ್ಪಳದಷ್ಟು ತೆಳ್ಳಗೆ. ನಟ್ಟನಡುವೆ ಸೀಳಿದ ಬಿದಿರುಕಡ್ಡಿ ಕಚ್ಚಿ ಹಿಡಿದಿದೆ. ಬಣ್ಣ ಎರಡೂ ಬದಿಗೆ. ಹಗಲಲ್ಲಿ ನೋಡಿದರೆ ಸೀತೆಯ ಕೊರಳಲ್ಲಿ ಬರೀ ತೂತುಗಳ ಸಾಲು. ಸಣ್ಣ ಉಳಿಯಿಂದ ಹೊಡೆದ ತೂತು, ಸಾಸಿವೆ ಗಾತ್ರದ್ದು ಕೆಲವು, ಭತ್ತದ ಕಾಳಿನಂಥವು ಕೆಲವು. ಇದೆಂಥ ಒಡವೆ ಎನ್ನಿಸುತ್ತದೆ. ರಾತ್ರಿ ಬಿಳಿ ಪರದೆಯ ಹಿಂದೆ ದೀಪ ಹಚ್ಚಿ ಗೊಂಬೆ ತಂದು ಒತ್ತಿದರೋ, ಆ ತೂತುಗಳೆಲ್ಲ ಮುತ್ತಾಗಿಬಿಡುತ್ತವೆ! ಚಿತ್ರಗಾರ ಒಡವೆಗೆ ಬಣ್ಣವನ್ನೇ ಹಚ್ಚಿಲ್ಲ. ಚರ್ಮ ತೆಗೆದು ಬೆಳಕಿಗೆ ಜಾಗ ಬಿಟ್ಟಿದ್ದಾನೆ.

ಗೊಂಬೆಯ ಎತ್ತರದಲ್ಲೂ ಲೆಕ್ಕವಿದೆ. ರಾಜ, ದೇವರು ದೊಡ್ಡವರು, ಆಳುಕಾಳು ಚಿಕ್ಕವರು. ಒಬ್ಬ ರಾಮನಿಗೆ ಒಂದೇ ಗೊಂಬೆ ಸಾಲದು. ಅರಮನೆಯ ರಾಮ ಬೇರೆ, ಜಟೆ ಕಟ್ಟಿದ ವನವಾಸದ ರಾಮ ಬೇರೆ, ಪಟ್ಟಾಭಿಷೇಕದ ರಾಮ ಬೇರೆ. ಪೆಟ್ಟಿಗೆ ತೆರೆದು ಗೊಂಬೆಗಳನ್ನು ಆಟದ ಕ್ರಮಕ್ಕೆ ಜೋಡಿಸಿಟ್ಟರೆ ಅದೇ ಒಂದು ಪುಸ್ತಕ. ಮಾತಿನ ಗುಳ್ಳೆ ಇಲ್ಲವಲ್ಲ ಎನ್ನಬೇಡಿ, ಪರದೆ ಹಿಂದೆ ಭೀಮವ್ವನಂಥವರ ದನಿ ಇದೆ. ಮನೆಯಲ್ಲಿ ಗೊಂಬೆಯಾಡಿಸುವ ಶಿಳ್ಳೇಕ್ಯಾತ ಸಮುದಾಯದ ಮಾತು ಮರಾಠಿಯ ನಂಟಿನದು, ಆಟದ ಮಾತು ಅಪ್ಪಟ ಕನ್ನಡ. ಕವಿರಾಜಮಾರ್ಗ ತಿರುಳ್ಗನ್ನಡದ ನಾಡು ಗುರುತಿಸುವಾಗ ಕೊಪಣ ನಗರದ ಹೆಸರು ಹೇಳುತ್ತದಲ್ಲ, ಆ ಕೊಪಣವೇ ಕೊಪ್ಪಳ. ಆ ನೆಲದ ಕನ್ನಡ!

ಆಟದ ನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ವಿದೂಷಕ ಗೊಂಬೆಗಳ ಜೋಡಿ ಬರುತ್ತದೆ. ಲಂಕೆಗೆ ಬೆಂಕಿ ಬಿದ್ದಿರಲಿ, ಕುರುಕ್ಷೇತ್ರ ನಡೆಯುತ್ತಿರಲಿ, ಈ ಗಂಡಹೆಂಡತಿಗೆ ಪರಿವೆಯಿಲ್ಲ. ಊರ ಸುದ್ದಿ, ಮನೆಯ ಜಗಳ, ತುಸು ಪೋಲಿ ಮಾತು ತಂದು ಸುರಿದು, ಎಲ್ಲರನ್ನೂ ನಗಿಸಿ ಹೋಗುತ್ತಾರೆ. ಅಮರ ಚಿತ್ರ ಕಥೆಯ ಮೇಲೆ ನನಗಿರುವ ಒಂದೇ ತಕರಾರು ಇದು. ಅಲ್ಲಿ ಎಲ್ಲರೂ ಬಹಳ ಸಭ್ಯರು. ಕಿಳ್ಳೇಕ್ಯಾತನಿಗೆ ಅಲ್ಲಿ ಒಂದು ಮೂಲೆಯನ್ನೂ ಕೊಡಲಿಲ್ಲ.

ಇನ್ನೂ ಇದೆ ಕೇಳಿ. ಮಳೆ ಕೈಕೊಟ್ಟರೆ ಊರವರು ವಂತಿಗೆ ಎತ್ತಿ ತೊಗಲುಗೊಂಬೆ ಆಡಿಸುತ್ತಿದ್ದರು. ಅದರಲ್ಲೂ ವಿರಾಟಪರ್ವ ಆಡಿಸಿದರೆ ಮಳೆ ಗ್ಯಾರಂಟಿ ಎಂಬುದು ನಂಬಿಕೆ. ಮುಗಿಲು ನೋಡಿ ಬಿತ್ತುವ ಕುಷ್ಟಗಿ, ಯಲಬುರ್ಗಾದ ಎರೆಹೊಲಗಳವರಿಗೆ ಇದರ ಬೆಲೆ ಬೇರೆ ಯಾರೂ ಹೇಳಬೇಕಿಲ್ಲ. ಕ್ಯಾಂಟರನ ಯಾವ ಸಂಚಿಕೆ ಮಳೆ ತರಿಸೀತು ಹೇಳಿ!

ಇಂಥ ಹಳ್ಳಿಯ ಕಲೆ ಪುಸ್ತಕವಾದದ್ದೂ ಉಂಟು. ಬಂಗಾಳದ ಪಟಚಿತ್ರ ಕಲಾವಿದೆ ಮೊಯ್ನಾ ಚಿತ್ರಕರ್ ಪಟ ಬಿಚ್ಚುತ್ತ ಹಾಡುವ ಪರಂಪರೆಯವರು. 2011ರಲ್ಲಿ ಚೆನ್ನೈನ ತಾರಾ ಬುಕ್ಸ್ ಅವರ ಚಿತ್ರಗಳಿಗೆ ಸಂಹಿತಾ ಅರ್ಣಿಯವರ ಬರಹ ಕೂಡಿಸಿ ‘ಸೀತಾಸ್ ರಾಮಾಯಣ’ ತಂದಿತು. ಸೀತೆಯೇ ಕಥೆ ಹೇಳುವ ಆ ಪುಸ್ತಕ ನ್ಯೂಯಾರ್ಕ್ ಟೈಮ್ಸ್‌ನ ಗ್ರಾಫಿಕ್ ಪುಸ್ತಕಗಳ ಬೆಸ್ಟ್ ಸೆಲ್ಲರ್ ಪಟ್ಟಿಯನ್ನೇ ಹತ್ತಿತು. ಹಳ್ಳಿಯ ಪಟ ಹಾಗೆ ಪುಸ್ತಕವಾಗುವುದಾದರೆ ಮೋರನಾಳದ ಚರ್ಮವೂ ಆಗಲಿ ಎಂಬ ಆಸೆ ನನ್ನದು. ದಪ್ಪ ರಟ್ಟಿನ, ಸಾವಿರಾರು ರೂಪಾಯಿಯ, ದೊಡ್ಡವರ ಮನೆಯ ಮೇಜಿನ ಮೇಲೆ ಧೂಳು ತಿನ್ನುವ ಪುಸ್ತಕ ಬೇಡ. ಮೂವತ್ತೆರಡು ಪುಟ, ಐವತ್ತು ರೂಪಾಯಿ, ನಡುವೆ ಎರಡು ಪಿನ್ನು ಸಾಕು. ಗೊಂಬೆಗಳನ್ನು ಹಿಂದಿನಿಂದ ದೀಪ ಕೊಟ್ಟು ಫೋಟೊ ಹಿಡಿಯಬೇಕು, ಇಲ್ಲದಿದ್ದರೆ ಮುತ್ತೆಲ್ಲ ತೂತಾಗಿಯೇ ಉಳಿಯುತ್ತವೆ. ಗೊಂಬೆಯವರಿಗೆ ಪ್ರತಿ ಪ್ರತಿಗೂ ಗೌರವಧನ. ಪುಟದ ಅಡಿಗೆ ಕಿಳ್ಳೇಕ್ಯಾತನಿಗೆ ಖಾಯಂ ಜಾಗ. ಅಂಜನಾದ್ರಿಯ ಬುಡದಲ್ಲಿ ಕಾಯಿ-ಕರ್ಪೂರದ ಜೊತೆ ಮಾರಲಿ, ಗಂಗಾವತಿ ಬಸ್ ಸ್ಟ್ಯಾಂಡಿನಲ್ಲಿ ಪೇಪರಿನ ಪಕ್ಕ ತೂಗುಹಾಕಲಿ.

ಮೊದಲ ಸಂಚಿಕೆ ಮಾತ್ರ ವಿರಾಟಪರ್ವವೇ ಇರಲಿ. ಮೃಗಶಿರ ಹೂಡುವ ಮೊದಲೇ ಕುಷ್ಟಗಿ, ಯಲಬುರ್ಗಾದ ಸಂತೆ ಮುಟ್ಟಲಿ. ಮಳೆ ಬಂದರೆ ಎರಡನೇ ಮುದ್ರಣದ ಖರ್ಚು ರೈತರೇ ಹಾಕಿಕೊಳ್ಳುತ್ತಾರೆ.