ಬಾಲ್ಕನಿ ಗುಲಾಬಿಗೆ ಹಾಲಿನ ಮದ್ದು

ಶಿರಸಿಯಿಂದ ಅಮ್ಮ ಒದ್ದೆ ಬಟ್ಟೆ ಸುತ್ತಿ ಕಳಿಸಿದ್ದ ಗುಲಾಬಿ ಕಡ್ಡಿ ಪುಣೆಯ ನಮ್ಮ ಬಾಲ್ಕನಿಯಲ್ಲಿ ಚೆನ್ನಾಗಿ ಚಿಗುರಿತ್ತು. ಕಳೆದ ಚಳಿಗಾಲದಲ್ಲಿ ಎಳೆ ಎಲೆಗಳ ಮೇಲೆ ಬಿಳಿ ಹಿಟ್ಟು ಉದುರಿಸಿದಂತಾಯಿತು. ಬೂದಿ ರೋಗ! ಅಮ್ಮ ಈಗಿಲ್ಲ, ಊರಿನ ಗಿಡವೂ ಇಲ್ಲ. ಇದು ಹೋದರೆ ಮತ್ತೆ ಸಿಗದು.

ರೋಗ ತಗುಲಿದ ಎಲೆಗಳನ್ನು ಕತ್ತರಿಸಿ ಕಸಕ್ಕೆ ಹಾಕಿದೆ. 1 ಲೋಟ ಹಾಲಿಗೆ 9 ಲೋಟ ನೀರು ಬೆರೆಸಿ ವಾರಕ್ಕೊಮ್ಮೆ ಬೆಳಗಿನ ಬಿಸಿಲಿನಲ್ಲಿ ಎಲೆಯ ಎರಡೂ ಬದಿಗೆ ಸಿಂಪಡಿಸಿದೆ. ಒತ್ತೊತ್ತಾಗಿದ್ದ ಕುಂಡಗಳನ್ನು ಸರಿಸಿ ಗಾಳಿಯಾಡಲು ಬಿಟ್ಟೆ. ಹೊಸ ಚಿಗುರು ಹಸಿರಾಗಿಯೇ ಬಂತು.

ಮಳೆಗಾಲದ ಕಪ್ಪು ಚುಕ್ಕೆ ರೋಗ ಬೇರೆ. ಅದು ಎಲೆ ಬಹಳ ಹೊತ್ತು ಒದ್ದೆಯಾಗಿದ್ದರೆ ಬರುತ್ತದೆ. ಹಾಗಾಗಿ ನೀರನ್ನು ಬೆಳಗ್ಗೆ, ಬುಡಕ್ಕೆ ಮಾತ್ರ ಹಾಕಿ. ಉದುರಿದ ಎಲೆಗಳನ್ನು ಆಯ್ದು ಬಿಸಾಡಿ.

ಈ ವಾರ ಒಂದು ಕಡ್ಡಿ ಹೈದರಾಬಾದಿನ ತಂಗಿಗೆ ಹೊರಟಿದೆ, ಒದ್ದೆ ಬಟ್ಟೆಯಲ್ಲೇ.